ಕಾಲು ನೋಡಾಕಿ

ದಾನೇಶ್ವರಿ ಎದುರಿಗೆ ಬಂದರೆ ಶಹಾಪುರದ ಹಳೆಯ ಪೇಟೆಯಲ್ಲಿ ವಯಸ್ಸಾದವರು ನಡೆಯುವುದನ್ನೇ ನಿಲ್ಲಿಸಿಬಿಡುತ್ತಾರೆ. ಅಂಗಡಿಯ ಕಟ್ಟೆ ಹಿಡಿದು, ಆಕೆ ದಾಟಿ ಹೋಗುವ ತನಕ ಆಕಾಶ ನೋಡುತ್ತಾರೆ. ಕೂತವರು ಪಾದಗಳನ್ನು ಧೋತರದೊಳಗೆ ಎಳೆದುಕೊಳ್ಳುತ್ತಾರೆ. ನಮಸ್ಕಾರವನ್ನೇನೋ ಮಾಡುತ್ತಾರೆ, ಆದರೆ ಕೂತಲ್ಲಿಂದಲೇ.

ಇದು ಶುರುವಾದದ್ದು ಬಟ್ಟೆ ಅಂಗಡಿಯ ನೀಲಕಂಠನಿಂದ. ಆರು ವರ್ಷದ ಹಿಂದೆ ಆಕೆ ಕುಪ್ಪಸದ ಬಟ್ಟೆ ಕೊಳ್ಳಲು ಹೋಗಿದ್ದಳು. ಒಳಗಿನಿಂದ ಬಟ್ಟೆಯ ಥಾನು ಹೊತ್ತು ಬಂದ ಅವನ ಹೆಜ್ಜೆಯ ಸದ್ದು ಕಿವಿಗೆ ಬಿತ್ತು. ಒಂದು ಕಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಡವಾಗಿ ನೆಲ ಮುಟ್ಟುತ್ತಿತ್ತು. ಎರಡು ಹೆಜ್ಜೆಯಲ್ಲಿ ತಿರುಗಬೇಕಾದ ಕಡೆ ಐದು ಹೆಜ್ಜೆ ಇಟ್ಟು, ಗಲ್ಲಾಪೆಟ್ಟಿಗೆಯ ಅಂಚು ಹಿಡಿದು ತಿರುಗಿದ.

"ಸಾಹುಕಾರ್ರ, ಒಂದ್ಸಲ ಬಿ.ಪಿ. ತೋರಸ್ರಿ. ಬಚ್ಚಲದಾಗ ಹಿಡಕೊಳ್ಳಾಕ ಒಂದು ರಾಡ್ ಹಾಕಸ್ರಿ," ಅಂದಳು.

ನೀಲಕಂಠ ನಕ್ಕ. "ನೀ ಬಟ್ಟಿ ತಗೊಳ್ಳಾಕ ಬಂದೀಯೋ, ನನ್ನ ಕಾಲಿನ ಅಳತಿ ತಗೊಳ್ಳಾಕ ಬಂದೀಯೋ ತಂಗಿ?"

ಐದನೆಯ ದಿನ ಅವನು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಆಕೆಗೆ ಮೊದಲೇ ಕಂಡಿತ್ತು ಎಂದು ಕೆಲವರು ಅಂದರು. ಆಕೆ ನೋಡಿದ್ದಕ್ಕೇ ಬಿದ್ದ ಎಂದು ಉಳಿದವರು ಅಂದರು. ಎರಡನೆಯವರ ಸಂಖ್ಯೆ ದೊಡ್ಡದಾಗಿತ್ತು. ಅಂದಿನಿಂದ ಆಕೆಯ ಹೆಸರು 'ಕಾಲು ನೋಡಾಕಿ'.

ಆಕೆಯ ಕೆಲಸವೇ ಅದು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಎಂಟು ವರ್ಷ ಫಿಜಿಯೋಥೆರಪಿ ಮಾಡಿ, ಆಮೇಲೆ ಊರ ಕಡೆ ಬಂದು, ಈಗ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಹಳೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು ನಲವತ್ತಮೂರು. ಲಕ್ವಾ ಹೊಡೆದವರು, ಮುಪ್ಪಿನಲ್ಲಿ ಕಾಲು ಸೋತವರು ಇರುವ ಮನೆಗಳಿಗೆ ವಾರವಿಡೀ ಸುತ್ತುತ್ತಾಳೆ. ಸಗರ, ಗೋಗಿ, ಒಮ್ಮೊಮ್ಮೆ ಸುರಪುರದ ತನಕ. ಚೀಲದಲ್ಲಿ ಬಿ.ಪಿ. ನೋಡುವ ಯಂತ್ರ, ಒಂದು ದಪ್ಪ ಟವೆಲ್, ಮೂರು ಮೀಟರಿನ ಒಂದು ಬಿಳಿ ಹಗ್ಗ. ಹಗ್ಗದ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾಳೆ. ಕುರ್ಚಿಯಿಂದ ಏಳಬೇಕು, ಹಗ್ಗದ ಗುಂಟ ಕೆಂಪು ಬಟ್ಟೆಯ ತನಕ ನಡೆಯಬೇಕು, ತಿರುಗಬೇಕು, ಮರಳಿ ಬಂದು ಕೂಡಬೇಕು. ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿದರೆ ಚಿಂತೆಯಿಲ್ಲ. ಮೂವತ್ತು ದಾಟಿದರೆ ಅವರ ಪಕ್ಕದಲ್ಲಿ ಸದಾ ಒಂದು ಕೈ ಇರಬೇಕು. ಎಷ್ಟೊಂದು ಮನೆಗಳ ಭವಿಷ್ಯವನ್ನು ಆಕೆ ಈ ಮೂರು ಮೀಟರಿನಲ್ಲಿ ಓದಿದ್ದಾಳೆ.

ಹೀಗೆ ಅಳೆದವರಲ್ಲಿ ಅರ್ಧದಷ್ಟು ಜನ ಈಗಿಲ್ಲ. ಅವರ ಮುಖಗಳನ್ನು ಆಕೆ ಮರೆತಿದ್ದಾಳೆ, ನಡಿಗೆಗಳನ್ನು ಮರೆತಿಲ್ಲ. ಬೇಸಿಗೆಯ ಮಧ್ಯಾಹ್ನ, ಕ್ಯಾಂಪಿನ ಬೇವಿನ ಮರಗಳಲ್ಲಿ ಒಂದು ಎಲೆಯೂ ಅಲ್ಲಾಡದ ಹೊತ್ತಿನಲ್ಲಿ, ಖಾಲಿ ಬಿದ್ದ ಪಕ್ಕದ ಕ್ವಾರ್ಟರ್ಸಿನ ನೆಲದ ಮೇಲೆ ಯಾರೋ ಕಾಲೆಳೆದು ನಡೆದಂತೆ ಕೇಳುತ್ತದೆ. ಇದು ಗೋಗಿಯ ಮಾಸ್ತರರದು, ಇದು ಸುರಪುರದ ಆ ಮುದುಕಿಯದು ಎಂದು ಮನಸ್ಸು ತಾನಾಗಿಯೇ ಗುರುತು ಹಿಡಿಯುತ್ತದೆ. ಎದ್ದು ಹೋಗಿ ನೋಡುವುದಿಲ್ಲ. ಕೇಳುತ್ತಾ ಮಲಗಿರುತ್ತಾಳೆ. ಯಾರಿಗೂ ಹೇಳಿಲ್ಲ.

ಸಗರದ ಯಂಕಣ್ಣನನ್ನು ಆಕೆ ಹದಿನಾಲ್ಕು ತಿಂಗಳು ನಡೆಸಿದಳು. ನಾಲ್ಕೆಕರೆ ಹೊಲದ ಒಕ್ಕಲಿಗ, ಗಟ್ಟಿ ಆಳು, ಒಂದು ಮುಂಜಾನೆ ಎಡಗೈ ಎಡಗಾಲು ಸ್ವಾಧೀನ ತಪ್ಪಿ ಮಲಗಿದ್ದ. ಅವನ ಹೆಂಡತಿ ಮರಿಲಿಂಗಮ್ಮ ಅರವತ್ತೆಂಟು ವರ್ಷದ ತೆಳ್ಳಗಿನ ಹೆಂಗಸು. ನಡೆಸುವವರು ಸೋತ ಮಗ್ಗುಲಲ್ಲೇ ನಿಲ್ಲಬೇಕು ಎಂದು ದಾನೇಶ್ವರಿ ಒಮ್ಮೆ ಹೇಳಿದ್ದೇ ಸಾಕಾಯಿತು, ಮರಿಲಿಂಗಮ್ಮ ಅವನ ಎಡಕ್ಕೆ ನಿಂತವಳು ಆ ಜಾಗ ಬಿಡಲಿಲ್ಲ. ಬಲಗೈಯಿಂದ ಅವನ ಸೊಂಟ ಬಳಸಿ, ದಿನಾ ಬೆಳಗಿನ ಜಾವ, ಮತ್ತೆ ಮಧ್ಯಾಹ್ನ ಪಡಸಾಲೆಯಲ್ಲಿ ನಡೆಸುತ್ತಿದ್ದಳು. ದಾನೇಶ್ವರಿ ಹಗ್ಗ ಹಾಸಿದ ಕೂಡಲೇ ಅವನಿಗಿಂತ ಮೊದಲು ತಾನೇ ಎದ್ದು ನಿಲ್ಲುತ್ತಿದ್ದಳು.

"ನಾ ಏಳು ಅಂದ್ರ ಏಳಂಗಿಲ್ಲ, ಈ ಯವ್ವ ಹಗ್ಗ ಬಿಚ್ಚಿದ್ರ ಎದ್ದು ಕುಂದರ್ತೀ. ನಿನಗೂ ಎತ್ತಿಗೂ ಏನ್ ಫರಕ್ ಐತಿ?" ಎಂದು ಗಂಡನನ್ನು ಕೆಣಕುತ್ತಿದ್ದಳು.

"ಎತ್ತಾದ್ರ ಮೇವರೆ ಹಾಕ್ತಿದ್ದಿ," ಅನ್ನುತ್ತಿದ್ದ ಯಂಕಣ್ಣ.

ಒಂದು ಸೋಮವಾರ ಬೆಳಿಗ್ಗೆ ಅವನು ತೀರಿಕೊಂಡ. ಮಣ್ಣಿಗೆ ಒಯ್ಯುವ ಮೊದಲು ದಾನೇಶ್ವರಿ ಹೋಗಿ ಬಂದಳು. ಮರಿಲಿಂಗಮ್ಮ ಹೆಣದ ತಲೆಯ ಹತ್ತಿರ, ಬಲಕ್ಕೆ ವಾಲಿ, ಗೋಡೆಗೆ ಆತು ಕೂತಿದ್ದಳು. ಅಳುತ್ತಿರಲಿಲ್ಲ, ಮಾತೂ ಇರಲಿಲ್ಲ. ದಾನೇಶ್ವರಿ ಆಕೆಯ ಭುಜ ಮುಟ್ಟಿ, ದುಃಖ ಒಳಗೇ ಕಲ್ಲಾಗಿದೆ ಅಂದುಕೊಂಡು ಎದ್ದು ಬಂದಳು.

ಬುಧವಾರ ಮತ್ತೆ ಸಗರಕ್ಕೆ ಹೋಗಬೇಕಾಯಿತು. ಯಂಕಣ್ಣನಿಗೆ ಕೊಟ್ಟಿದ್ದ ವಾಕರ್ ಗೋಗಿಯ ಇನ್ನೊಬ್ಬರಿಗೆ ಬೇಕಿತ್ತು. ಲಾಡ್ಲೇಸಾಬನ ಆಟೋ ಓಣಿಯ ಬಾಯಲ್ಲಿ ನಿಂತಾಗ ನೆತ್ತಿಯ ಮೇಲೆ ಸೂರ್ಯ. ನಾಯಿಗಳು ಕೂಡ ಕಾಣಲಿಲ್ಲ.

"ನಾ ಇಲ್ಲೇ ಇರ್ತೀನ್ರಿ ಮೇಡಂ," ಅಂದ ಲಾಡ್ಲೇಸಾಬ. "ಆ ಮನಿಗೆ ನಾ ಬರಂಗಿಲ್ಲ. ಮುಂಜಾನಿ ಯಂಕಣ್ಣ ಬಂದು ಹೋಗ್ಯಾನಂತ. ಊರಿಗೆ ಊರೇ ನೋಡಿ ಬಂದೈತಿ."

"ಏನ ನೋಡಿ ಬಂದೈತಿ?"

"ಹೆಜ್ಜಿ."

ಆ ಓಣಿಯ ಮನೆಗಳಲ್ಲಿ ಒಂದು ಪದ್ಧತಿಯಿದೆ. ಸತ್ತ ಎರಡನೆಯ ದಿನ ಸಂಜೆ, ಜೀವ ಹೋದ ಜಾಗದಿಂದ ಬಾಗಿಲ ತನಕ ನೆಲದ ಮೇಲೆ ಜೋಳದ ಹಿಟ್ಟನ್ನು ಜರಡಿ ಹಿಡಿದು ತೆಳ್ಳಗೆ ಹರಡುತ್ತಾರೆ. ಮನೆಯವರೆಲ್ಲ ಅಂಗಳದಲ್ಲಿ ಮಲಗುತ್ತಾರೆ. ಹೆಂಡತಿ ಮಾತ್ರ ತಾನು ಕೂತ ಮೂಲೆಯಲ್ಲೇ ಇರಬೇಕು. ಹನ್ನೊಂದು ದಿನ ಹೊಸ್ತಿಲು ದಾಟುವಂತಿಲ್ಲ. ಮೂರನೆಯ ಬೆಳಿಗ್ಗೆ ಬಾಗಿಲು ತೆರೆದು ಹಿಟ್ಟು ನೋಡುತ್ತಾರೆ. ಹಕ್ಕಿಯ ಗುರುತೋ, ಹಾವಿನ ಗೆರೆಯೋ, ಏನಾದರೊಂದು ಇದೆಯೆಂದು ಹಿರಿಯರು ಹೇಳುತ್ತಾರೆ. ಬಹಳ ಸಲ ಅದು ಇಲಿಯದು.

ಈ ಸಲ ಇಲಿಯದಾಗಿರಲಿಲ್ಲ.

ದಾನೇಶ್ವರಿ ಹೊಸ್ತಿಲ ಈಚೆಯೇ ನಿಂತುಬಿಟ್ಟಳು. ನಸುಗತ್ತಲೆಯ ಪಡಸಾಲೆಯಲ್ಲಿ ಬೆಳ್ಳಗೆ ಹಾಸಿದ ಹಿಟ್ಟು. ಅದರ ಮೇಲೆ ಐದು ಬೆರಳೂ ಮೂಡಿದ ಒಂದು ಪಾದ, ಪಕ್ಕದಲ್ಲಿ ನೆಲ ಒರೆಸಿದಂತೆ ಉದ್ದನೆಯ ಒಂದು ಎಳೆತ. ಮತ್ತೆ ಪಾದ, ಮತ್ತೆ ಎಳೆತ. ಹದಿನಾಲ್ಕು ತಿಂಗಳು ಕಿವಿಯಲ್ಲಿ ಕೇಳಿದ ನಡಿಗೆ ಕಣ್ಣಿಗೆ ಕಾಣುವಂತೆ ಬಿದ್ದಿತ್ತು. ಬಂದಿದ್ದಾನೆ ಎಂದು ಆಕೆಗೂ ಅನ್ನಿಸಿತು. ಅರೆಗಳಿಗೆಯಲ್ಲ, ಒಂದು ಪೂರಾ ಗಳಿಗೆ ಹಾಗೆಯೇ ಅನ್ನಿಸಿತು.

"ನೋಡಿದೇನವ್ವ ನನ್ನ ತಮ್ಮನ್ನ?" ಬಾಗಿಲ ಪಕ್ಕದಲ್ಲಿ ಕೂತಿದ್ದ ಭೀಮಾಬಾಯಿ ಕೇಳಿದಳು. ಯಂಕಣ್ಣನ ಅಕ್ಕ, ಎಪ್ಪತ್ತೈದರ ಮೇಲಿನ ಮುದುಕಿ, ಮನೆಗೆಲ್ಲ ಆಕೆಯದೇ ಮಾತು. "ಹೆಂಡ್ತಿನ್ನ ಬಿಟ್ಟು ಹೋಗಾಕ ಮನಸ್ಸಾಗಿಲ್ಲ ಅವಗ. ನಡಕೋತ ಬಂದಾನ, ಬಾಗಿಲತನ ಬಂದು ತಿರುಗಿ ಹೋಗ್ಯಾನ. ನೀ ಕಲಿಸಿದ್ದು ಮರತಿಲ್ಲ ನೋಡು."

ಯಂಕಣ್ಣನ ಮಗ ಪರಮಣ್ಣ ವಾಕರ್ ತಂದು ಕಟ್ಟೆಯ ಮೇಲಿಟ್ಟ. ಅವನ ಕಣ್ಣುಗಳು ಕೆಂಪಾಗಿದ್ದವು. "ತಗೊಂಡು ಹೋಗ್ರಿ ಮೇಡಂ. ಅಪ್ಪಗ ಇನ್ನ ಬ್ಯಾಡ ಅಂತ ಕಾಣಸ್ತೈತಿ. ಅದಿಲ್ದನ ನಡದಾನ."

ದಾನೇಶ್ವರಿ ವಾಕರ್ ಮುಟ್ಟಲಿಲ್ಲ. ಹದಿನಾರು ವರ್ಷದ ಅಭ್ಯಾಸ ಭಯಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಹೆಜ್ಜೆಗಳನ್ನು ಓದತೊಡಗಿದಳು.

ಬೆರಳು ಮೂಡಿದ ಪಾದ ಚಿಕ್ಕದು, ಸಪೂರ. ನಡೆದವರ ದಿಕ್ಕಿನಿಂದ ನೋಡಿದರೆ ಅದರ ಹೆಬ್ಬೆರಳು ಬಲಕ್ಕಿತ್ತು. ಅಂದರೆ ಗಟ್ಟಿಯಾಗಿ ಊರಿದ್ದು ಎಡಗಾಲು, ಎಳೆದದ್ದು ಬಲಗಾಲು. ಯಂಕಣ್ಣ ಎಳೆಯುತ್ತಿದ್ದದ್ದು ಎಡಗಾಲನ್ನು. ಇನ್ನೂ ಒಂದು ವಿಚಿತ್ರವಿತ್ತು. ಹೆಜ್ಜೆಗಳು ಪಡಸಾಲೆಯ ನಡುವೆ ಇರಲಿಲ್ಲ. ಎಡಗೋಡೆಗೆ ಒತ್ತಿಕೊಂಡು ಬಂದಿದ್ದವು, ಬಲಕ್ಕೆ ಒಬ್ಬ ಮನುಷ್ಯ ಹಿಡಿಸುವಷ್ಟು ಹಿಟ್ಟು ನುಣ್ಣಗೆ ಹಾಗೆಯೇ ಉಳಿದಿತ್ತು. ಬಾಗಿಲ ಬಳಿ ತಿರುಗುವಾಗ ನಿಂತಲ್ಲೇ ತಿರುಗಿರಲಿಲ್ಲ. ನಡುವೆ ಯಾರೋ ನಿಂತಿದ್ದಾರೆ ಎಂಬಂತೆ ದೊಡ್ಡದಾಗಿ ಸುತ್ತು ಹಾಕಿ, ಆ ಖಾಲಿ ಜಾಗವನ್ನು ಮತ್ತೆ ಬಲಕ್ಕೇ ಬಿಟ್ಟುಕೊಂಡು ಮರಳಿದ್ದವು.

ದಾನೇಶ್ವರಿ ತಲೆಯೆತ್ತಿ ಮೂಲೆಯತ್ತ ನೋಡಿದಳು. ಮರಿಲಿಂಗಮ್ಮ ಸೋಮವಾರ ಕೂತಂತೆಯೇ ಕೂತಿದ್ದಳು, ಬಲಕ್ಕೆ ವಾಲಿ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಅಲ್ಲಿಟ್ಟು ಮರೆತು ಹೋದ ವಸ್ತುವಿನ ಹಾಗೆ. ಬಾಯಿಯ ಬಲತುದಿ ಜಾರಿತ್ತು. ಬೆಳಿಗ್ಗೆ ಸ್ನಾನ ಮಾಡಿಸಿದ್ದರೂ ಒಡೆದ ಹಿಮ್ಮಡಿಯ ಬಿರುಕಿನಲ್ಲಿ ಬೆಳ್ಳನೆಯ ಒಂದು ಗೆರೆ ಉಳಿದಿತ್ತು.

"ಮರಿಲಿಂಗಮ್ಮ ಮಾತಾಡ್ಯಾಳೇನ್ರಿ?" ಎಂದು ಕೇಳಿದಳು.

"ಎಲ್ಲಿ ಮಾತು," ಅಂದಳು ಭೀಮಾಬಾಯಿ. "ನೀರು ಕುಡಿಸಿದ್ರ ಕೆಮ್ಮತಾಳ, ಅರ್ಧ ಹೊರಗ ಬರ್ತೈತಿ. ಗಂಟಲದಾಗ ದುಃಖ ಕುಂತೈತಿ ಆಕಿಗಿ. ಎತ್ತಿ ಕುಂದ್ರಸಬೇಕು, ಎತ್ತಿ ಮಲಗಸಬೇಕು. ತಾನಾಗಿ ಏಳಾಕೂ ಆಗವಲ್ದು."

ದಾನೇಶ್ವರಿ ಮನಸ್ಸಿನಲ್ಲೇ ಎಣಿಸಿದಳು. ಎರಡು ದಿನ. ಸೋಮವಾರವೇ ಆ ವಾಲಿದ ಮೈಯನ್ನು ಈ ಕೈಯಿಂದಲೇ ಮುಟ್ಟಿದ್ದಳು. ಹದಿನಾಲ್ಕು ತಿಂಗಳು ಈ ಮನೆಗೆ ಬಂದಿದ್ದಳು, ಪಕ್ಕದಲ್ಲಿ ನಿಂತವಳನ್ನು ಒಂದು ಸಲವೂ ಕುರ್ಚಿಯಿಂದ ಎಬ್ಬಿಸಿ ನೋಡಿರಲಿಲ್ಲ, ಒಂದು ಸಲವೂ ಬಿ.ಪಿ. ಪಟ್ಟಿ ಕಟ್ಟಿರಲಿಲ್ಲ.

"ಪರಮಣ್ಣ, ಇದು ನಿಮ್ಮಪ್ಪನ ಹೆಜ್ಜಿ ಅಲ್ಲ. ನಿಮ್ಮವ್ವಂದು. ಆಕಿಗೂ ಲಕ್ವಾ ಹೊಡದೈತಿ. ಈಗಿಂದೀಗ ಯಾದಗಿರಿಗೆ ಒಯ್ಯಬೇಕು. ಇನ್ನೊಮ್ಮಿ ಹೊಡದ್ರ ಉಳಿಯಂಗಿಲ್ಲ. ಕುಡಿಸಿದ ನೀರು ಎದಿಗಿ ಇಳದ್ರೂ ಉಳಿಯಂಗಿಲ್ಲ."

ಪರಮಣ್ಣ ಬಾಯಿ ತೆರೆದ. ಮಾತಾಡಿದವಳು ಭೀಮಾಬಾಯಿ. "ಹನ್ನೊಂದು ದಿನದಾಗ ಹೊಸ್ತಿಲ ದಾಟಸ್ತೀ? ಯಾರ ಮನ್ಯಾಗ ಕಂಡೀ ಇದನ್ನ?"

"ಕಾಲು ನೋಡ್ರಿ ಆಯಿ. ಯಂಕಣ್ಣ ಎಡಗಾಲು ಎಳೀತಿದ್ದ. ಇಲ್ಲಿ ಎಳದದ್ದು ಬಲಗಾಲು."

ಪರಮಣ್ಣ ಬಗ್ಗಿ ನೋಡಿದ. ತನ್ನ ಎಡಗಾಲು ನೋಡಿಕೊಂಡ, ಮತ್ತೆ ಹಿಟ್ಟು ನೋಡಿದ. "ಖರೇನ ಐತಿ ದೊಡ್ಡವ್ವ..."

"ಖರೇ ಏನ್ ಬಂತು ಮಣ್ಣಾಂಗಟ್ಟಿ! ಸತ್ತವರ ಹೆಜ್ಜಿ ತಿರುಗಾಮುರುಗಾ ಇರ್ತಾವ ಅನ್ನೂದು ಹಸುಗೂಸಿಗೂ ಗೊತ್ತೈತಿ. ಎಡ ಬಲ ಆಗ್ತೈತಿ, ಬಲ ಎಡ ಆಗ್ತೈತಿ. ಈ ಯವ್ವ ಓದಿದ್ದು ಬದುಕಿದವರ ಕಾಲು. ಸತ್ತವರ ಕಾಲು ಓದ್ಯಾಳೇನು?"

ಪರಮಣ್ಣನ ಮುಖ ಮತ್ತೆ ಮುಚ್ಚಿಕೊಂಡಿತು. ದಾನೇಶ್ವರಿಗೆ ಒಂದೇ ದಾರಿ ಉಳಿಯಿತು, ಹೆಜ್ಜೆಯ ಅಂತರ ಅಳೆದು ತೋರಿಸುವುದು. ಅಷ್ಟು ಚಿಕ್ಕ ಹೆಜ್ಜೆಯನ್ನು ಆ ಉದ್ದನೆಯ ಗಂಡಸು ಎಂದೂ ಇಟ್ಟಿರಲಿಲ್ಲ. ಚೀಲದಿಂದ ಹಗ್ಗ ತೆಗೆದಳು. ಹಿಟ್ಟು ಕೆಡದಂತೆ ಗೋಡೆಯ ಬುಡದಲ್ಲಿ, ಮೂಲೆಯಿಂದ ಬಾಗಿಲ ಕಡೆಗೆ ಹಾಸಿದಳು. ಕೆಂಪು ಬಟ್ಟೆ ಹೊಸ್ತಿಲ ಹತ್ತಿರ ಬಂತು.

ಮೂಲೆಯಲ್ಲಿ ಸೀರೆಯ ಸದ್ದಾಯಿತು.

ಮರಿಲಿಂಗಮ್ಮ ಹಗ್ಗವನ್ನು ನೋಡುತ್ತಿದ್ದಳು. ಎಡಗೈ ನೆಲಕ್ಕೂರಿ ಮುಂದಕ್ಕೆ ಬಾಗಿದಳು, ಏಳಲಾಗದೆ ಹಿಂದಕ್ಕೆ ಬಿದ್ದಳು. ಇನ್ನೊಮ್ಮೆ ಬಾಗಿದಳು. ಯಾರೂ ಏಳು ಅಂದಿರಲಿಲ್ಲ. ಮೂರನೆಯ ಸಲಕ್ಕೆ ಗೋಡೆ ಹಿಡಿದು ಎದ್ದು ನಿಂತೇಬಿಟ್ಟಳು.

"ಯವ್ವಾ!" ಅಂದ ಪರಮಣ್ಣ. ಅವನ ಕಾಲು ಕಿತ್ತು ಬರಲಿಲ್ಲ.

ದಾನೇಶ್ವರಿ ಟವೆಲ್ ಹಿಡಿದು ಹಾರಿದಳು. ಸೋತ ಮಗ್ಗುಲು ಬಲ, ಬಲಕ್ಕೇ ನಿಲ್ಲಬೇಕು. ಇನ್ನೇನು ನಿಲ್ಲಬೇಕು, ಭೀಮಾಬಾಯಿ ಕಿರುಚಿದಳು. "ಅಲ್ಲಿ ನಿಲ್ಲಬ್ಯಾಡ! ಸರಿ ಬಾಜೂ! ಅಂವ ಅದಾನ ಅಲ್ಲಿ!"

ಆ ಕೂಗಿನಲ್ಲಿದ್ದ ಭಯಕ್ಕೆ ದಾನೇಶ್ವರಿಯ ಮೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಬಂದು, ಟವೆಲನ್ನು ಮರಿಲಿಂಗಮ್ಮನ ಸೊಂಟಕ್ಕೆ ಬಳಸಿ ಎರಡೂ ತುದಿ ಬಿಗಿಹಿಡಿದಳು. ಬಲಗಡೆಯ ಜಾಗ ಖಾಲಿಯೇ ಉಳಿಯಿತು.

ಮರಿಲಿಂಗಮ್ಮ ನಡೆದಳು. ಎಡಗಾಲು ಊರಿದ ಸದ್ದು, ಆಮೇಲೆ ಬಲಗಾಲು ಎಳೆದ ಸದ್ದು. ಎಡಗಾಲು ಬೆಳಗಿನ ಜಾವ ಬಿದ್ದ ಗುರುತಿನೊಳಗೇ ಬಿತ್ತು, ಬೆರಳಿಗೆ ಬೆರಳು ಕೂಡಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ಕೆಳಗೆ ನೋಡದೆ, ಹಳೆಯ ಹೆಜ್ಜೆಗಳನ್ನು ಒಂದೊಂದಾಗಿ ತೊಟ್ಟುಕೊಳ್ಳುತ್ತಾ ಹೋದಳು. ಅಂಗಾತ ಬಿದ್ದಿದ್ದ ಬಲಗೈ ಈಗ ಮೊಣಕೈಯಲ್ಲಿ ಮಡಚಿ, ಪಕ್ಕದ ಗಾಳಿಯನ್ನು ಸೊಂಟದ ಎತ್ತರದಲ್ಲಿ ಬಳಸಿ ನಿಂತಿತ್ತು. ಲಕ್ವಾದಲ್ಲಿ ಕೈ ಹಾಗೆ ಮಡಚಿಕೊಳ್ಳುವುದುಂಟು. ದಾನೇಶ್ವರಿಗೆ ಅದು ಗೊತ್ತಿತ್ತು. ಆದರೂ ಟವೆಲಿನ ಬಲತುದಿ ಎಡತುದಿಗಿಂತ ಹಗುರವಾಗಿತ್ತು. ಸೋತ ಮಗ್ಗುಲಿಗೆ ಮೈಭಾರ ಜಗ್ಗಬೇಕಾಗಿತ್ತು, ಜಗ್ಗಲಿಲ್ಲ.

ಪರಮಣ್ಣ ತಾಯಿಯ ಪಾದ ಗುರುತಿನೊಳಗೆ ಕೂಡುವುದನ್ನು ನೋಡಿದ. "ಯವ್ವಂದ ಐತಿ," ಎಂದು ಸಣ್ಣ ಮಕ್ಕಳಂತೆ ಅಳತೊಡಗಿದ. ಭೀಮಾಬಾಯಿ ಪಾದ ನೋಡಲಿಲ್ಲ. ಆ ಮಡಚಿದ ಕೈಯ ಪಕ್ಕದಲ್ಲಿ, ತಮ್ಮನ ಹೆಗಲು ಇರಬೇಕಾದ ಎತ್ತರದಲ್ಲಿ ಕಣ್ಣು ನೆಟ್ಟಿದ್ದಳು.

ಹೆಜ್ಜೆಗಳು ಕೆಂಪು ಬಟ್ಟೆಗೆ ಬಂದವು. ಪ್ರತಿ ಸಲ ಇಲ್ಲಿಯೇ ದಾನೇಶ್ವರಿ 'ತಿರುಗ್ರಿ' ಅನ್ನುತ್ತಿದ್ದಳು. ಮರಿಲಿಂಗಮ್ಮ ಕಾದು ನಿಂತಳು. ಮುಂದೆ ಒಂದು ಗೇಣು ದೂರಕ್ಕೆ ಹೊಸ್ತಿಲು, ಅದರಾಚೆ ಕಣ್ಣು ಕುಕ್ಕುವ ಬಿಸಿಲು, ಓಣಿ, ಆಟೋ. ತಿರುಗಿದರೆ ಮೂಲೆ. ಮೂಲೆಗೆ ಹೋದರೆ ಹನ್ನೊಂದನೆಯ ದಿನದ ಮೊದಲೇ ಈ ಮನೆಯಲ್ಲಿ ಮತ್ತೊಮ್ಮೆ ಹಿಟ್ಟು ಹರಡುತ್ತಾರೆ ಎಂಬುದು ದಾನೇಶ್ವರಿಗೆ ಅಂಗೈಯಷ್ಟು ಸ್ಪಷ್ಟವಾಗಿತ್ತು.

ಆಕೆ 'ತಿರುಗ್ರಿ' ಅನ್ನಲಿಲ್ಲ.

ಮರಿಲಿಂಗಮ್ಮ ನಿಂತೇ ಇದ್ದಳು, ಬಾಗಿಲಿಗೆ ಮುಖ ಮಾಡಿ, ಕೈಯಲ್ಲಿ ಗಾಳಿ ಬಳಸಿಕೊಂಡು. ಎಷ್ಟು ಸೆಕೆಂಡು ಹೋದವೋ, ಆ ಸಲ ಯಾರೂ ಎಣಿಸುತ್ತಿರಲಿಲ್ಲ.

ಭೀಮಾಬಾಯಿ ಗೋಡೆ ಹಿಡಿದು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಒಬ್ಬರಲ್ಲ, ಇಬ್ಬರು ಹಾಯಲು ಬೇಕಾಗುವಷ್ಟು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

"ತಿರುಗವಲ್ಲ ಅಂವ," ಅಂದಳು. "ಹೊರಗ ಕರಕೊಂಡು ಹೊಂಟಾನ. ಅಂವನೇ ಆಕಿನ್ನ ದಾಟಸಾಕತ್ತಾನಂದ್ರ ನಾ ಯಾರು ಬ್ಯಾಡ ಅನ್ನಾಕ? ಹೋಗ್ಲಿ."

ಅಲ್ಲ, ಹಾಗಲ್ಲ ಎಂದು ಹೇಳಲು ದಾನೇಶ್ವರಿಗೆ ಒಂದು ಕ್ಷಣ ನಾಲಿಗೆ ತುರಿಸಿತು. ಅದನ್ನು ನುಂಗಿಕೊಂಡಳು.

"ಮುಂದ ನಡೀರಿ," ಅಂದಳು. "ಹೊಸ್ತಿಲು ಐತಿ. ಹುಷಾರಿ."

ಯಾರಿಗೆ ಹೇಳಿದಳೋ ಆಕೆಗೇ ಗೊತ್ತಾಗಲಿಲ್ಲ. ಹೊಸ್ತಿಲಿಗೆ ಬಲಗಾಲಿನ ಬೆರಳು ತೊಡರಿತು. ದಾನೇಶ್ವರಿ ಮೊಣಕಾಲಿನಿಂದ ಅದನ್ನು ಎತ್ತಿ ಆಚೆ ದಾಟಿಸಿದಳು. ಪರಮಣ್ಣ ಅಷ್ಟು ಹೊತ್ತಿಗೆ ಓಡಿ ಬಂದು ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ.

ಯಾದಗಿರಿಯ ಆಸ್ಪತ್ರೆಯಲ್ಲಿ, ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ಪರಮಣ್ಣ ದಾನೇಶ್ವರಿಯ ಮುಖ ನೋಡಿದ. ಸೋಮವಾರ ಮಧ್ಯಾಹ್ನಕ್ಕೆ ಮೊದಲು ಎಂದು ಆಕೆ ಹೇಳಿದಳು. ಹೇಳುವಾಗ ತಲೆ ತಗ್ಗಿತ್ತು. ತಲೆಯ ಸ್ಕ್ಯಾನಿನಲ್ಲಿ ಎಡಗಡೆ ಮಸುಕು ಕಂಡಿತು. ಮೊದಲ ದಿನವೇ ತಂದಿದ್ದರೆ ಇನ್ನೂ ಬಹಳ ಮಾಡಬಹುದಿತ್ತು, ಇವತ್ತೂ ತರದಿದ್ದರೆ ಮಾಡಲು ಏನೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದರು. ಮೂಗಿನಲ್ಲಿ ನಳಿಗೆ ಹಾಕಿದರು. ಎದೆಗೆ ಇಳಿದ ನೀರಿಗೆ ಔಷಧಿ ಶುರುಮಾಡಿದರು. ಸಂಜೆಯ ಹೊತ್ತಿಗೆ ಬಿ.ಪಿ. ಇಳಿಯಿತು, ಉಸಿರು ಹದಕ್ಕೆ ಬಂತು. ದಾನೇಶ್ವರಿ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಾಗ ತೋರುಬೆರಳು, ನಿದ್ದೆಯಲ್ಲಿ ಕರೆದರೆ ಓಗೊಟ್ಟಂತೆ, ಒಮ್ಮೆ ಅಲುಗಿತು.

ದೀಪ ಹಚ್ಚುವ ಹೊತ್ತಿಗೆ ಪರಮಣ್ಣನ ಫೋನಿಗೆ ಭೀಮಾಬಾಯಿಯ ಕರೆ ಬಂತು. ಅವನು ಫೋನನ್ನು ಆಕೆಯ ಕೈಗೆ ಕೊಟ್ಟು ಔಷಧಿ ತರಲು ಹೋಗಿದ್ದ. ದಾನೇಶ್ವರಿಯೇ ಎತ್ತಿದಳು.

"ಹೆಂಗದಾಳವ್ವ?"

"ಅದಾಳ್ರಿ. ಉಳೀತಾಳ ಅಂದಾರ. ಬೆರಳು ಅಲುಗಾಡಸ್ಯಾಳ."

ಭೀಮಾಬಾಯಿ ದನಿ ತಗ್ಗಿಸಿದಳು.

"ಮತ್ತ ಅಂವ?"

ದಾನೇಶ್ವರಿ ಹಾಸಿಗೆಯ ಕಡೆ ನೋಡಿದಳು. ವಾರ್ಡು ಕಿಕ್ಕಿರಿದಿತ್ತು. ಕೂಡಲು ಜಾಗವಿಲ್ಲದೆ ಜನ ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಒಬ್ಬರ ಕಾಲಿಗೊಬ್ಬರು ಒತ್ತಿ ಕೂತಿದ್ದರು. ಮರಿಲಿಂಗಮ್ಮನ ಬಲಮಗ್ಗುಲಲ್ಲಿ ಒಂದು ಕಬ್ಬಿಣದ ಸ್ಟೂಲು ಇತ್ತು. ಮಧ್ಯಾಹ್ನದಿಂದ ಎಷ್ಟೋ ಜನ ಅದರ ತನಕ ಬಂದಿದ್ದರು, ಕೈಯಿಟ್ಟಿದ್ದರು, ಏನೋ ನೆನಪಾದವರಂತೆ ಮುಂದೆ ಹೋಗಿದ್ದರು. ಆಕೆಯೂ ಇಷ್ಟು ಹೊತ್ತು ನಿಂತೇ ಇದ್ದಳು.

"ಬಾಜೂಕ ಅದಾನ್ರಿ," ಅಂದಳು.